ಕಾರಿನ ಮೂಗಿಗೆ ಅಮ್ಮನ ಟಿಫನ್ ಡಬ್ಬಿ

ನಮ್ಮನೇಲಿ ಒಂದು ಟಿಫನ್ ಕ್ಯಾರಿಯರ್ ಇದೆ. ನಾಲ್ಕು ಡಬ್ಬಿದು, ಆದ್ರೆ ಇರೋದು ಮೂರೇ ಡಬ್ಬಿ. ಹಿಡಿಕೆ ಉದ್ದ, ಡಬ್ಬಿ ಸಾಲು ಗಿಡ್ಡ, ಮಧ್ಯೆ ನಾಲ್ಕು ಬೆರಳು ಸಂದಿ. ಕೈಲಿ ಹಿಡ್ಕೊಂಡು ನಡೆದ್ರೆ ಲೊಡಲೊಡ ಅಂತ ಬೀದಿಗೆಲ್ಲ ಕೇಳುತ್ತೆ. ನನ್ನ ಹೆಂಡ್ತಿ ಮದುವೆಯಾಗಿ ಬಂದಾಗಿನಿಂದ ಇದನ್ನ ಹಳೇ ಪಾತ್ರೆಯವನಿಗೆ ಹಾಕಿ ಅಂತ ಹೇಳ್ತಾನೇ ಇದ್ದಾಳೆ. ಹಾಕಿಲ್ಲ. ಹಾಕೋದೂ ಇಲ್ಲ. ಯಾಕೆ ಅಂತ ಇವತ್ತು ಬರೆದುಬಿಡ್ತೀನಿ, ಆಮೇಲೆ ಅವಳಿಗೇ ಓದೋಕೆ ಕೊಡ್ತೀನಿ.

ಇದೆಲ್ಲ ಶುರುವಾಗಿದ್ದು ಪಕ್ಕದ್ಮನೆ ಚೇತನ್‌ನಿಂದ. ವಿದ್ಯಾರಣ್ಯಪುರದ ನಮ್ಮ ರಸ್ತೆ ಗೊತ್ತಲ್ಲ, ಮಧ್ಯಾಹ್ನ ಒಂದು ನಾಯಿ ಎದ್ದು ಮೈ ಕೊಡವಿದ್ರೆ ಅದೇ ದೊಡ್ಡ ಸುದ್ದಿ. ಅಂಥ ರಸ್ತೇಲಿ ಈ ಹುಡುಗ ಒಂದು ಕೆಂಪು ಹ್ಯಾಚ್‌ಬ್ಯಾಕ್ ಇಟ್ಕೊಂಡಿದ್ದಾನೆ. ಸ್ಟಾರ್ಟ್ ಮಾಡಿದ್ರೆ ನಮ್ಮನೆ ಷೋಕೇಸ್ ಗಾಜು ನಡುಗುತ್ತೆ. ಮೊನ್ನೆ ಗೇಟ್ ಹತ್ರ ಹಿಡ್ಕೊಂಡು ಕೇಳ್ದ: "ಅಂಕಲ್, ನೀವೇ ಹೇಳಿ. ಇದಕ್ಕೇ ಇನ್ನೊಂದಷ್ಟು ದುಡ್ಡು ಹಾಕಿ ಮಾಡಿಫೈ ಮಾಡಿಸ್ಲಾ, ಇಲ್ಲ ಇದನ್ನ ಮಾರಿ ಇದಕ್ಕಿಂತ ಸ್ಪೀಡಾಗಿರೋದು ತಗೊಳ್ಳಾ?"

ನಾನು ಏನೋ ದೊಡ್ಡ ಕಾರ್ ಪಂಡಿತ ಅಂತ ಅವನು ಕೇಳಿದ್ದಲ್ಲ. ಆ ಹೊತ್ತಿಗೆ ರಸ್ತೇಲಿ ನಾನೊಬ್ಬನೇ ಇದ್ದೆ. ಆದ್ರೂ ನನಗೆ ಮೈ ಜುಂ ಅಂತು. ಇದೇ ಪ್ರಶ್ನೆ ಎಂಬತ್ತರ ದಶಕದ ಕೊನೇಲಿ ಯಲಹಂಕದ ನಮ್ಮನೇಲಿ ಎರಡು ತಿಂಗಳು ಅಡುಗೆಮನೆಯಿಂದ ಬಚ್ಚಲುಮನೆವರೆಗೂ ಓಡಾಡಿತ್ತು. ಅವನನ್ನ ಅಲ್ಲೇ ನಿಲ್ಲಿಸಿ ಒಳಗೆ ಬಂದು, ಸ್ಟೂಲ್ ಹಾಕಿ ಅಟ್ಟ ಹತ್ತಿ, ಆ ನಾಲ್ಕನೇ ಡಬ್ಬಿ ಹುಡುಕಿದೆ. ಸಿಕ್ತು. ತಳದಲ್ಲಿ ಅಂಗೈ ಅಗಲದ ತೂತು.

ಮೊದಲು ಕಾರಿನ ವಿಷಯ. ಹೆಸರು ಹೇಳಲ್ಲ, ಹೇಳೋದೂ ಬೇಡ. ಆಗ ನಮ್ಮ ದೇಶದಲ್ಲಿ ಕಾರು ಅಂದ್ರೆ ಬೆರಳೆಣಿಕೆ ಥರ. ಹೊಸದಾಗಿ ಬಂದಿತ್ತಲ್ಲ, ಸೋಪಿನ ಡಬ್ಬಿ ಥರ ಪುಟ್ಟದು, ಹಿಂದುಗಡೆ ಬಾಗಿಲು ಮೇಲಕ್ಕೆ ತೆಗೆಯೋದು, ಅದು. ಅಪ್ಪ ಬುಕ್ ಮಾಡಿ ಕಾದು ಕಾದು, ಕೊನೆಗೆ ಕಾಗದ ಬಂದ ದಿನ ಆಫೀಸಿಗೆ ರಜ ಹಾಕಿ ಆ ಕಾಗದಾನೇ ದೇವರ ಮುಂದೆ ಇಟ್ಟಿದ್ರು. ಯಶವಂತಪುರದಲ್ಲಿ ಗುಮಾಸ್ತರ ಕೆಲಸ, ಹದಿನೈದು ವರ್ಷ ಬಸ್ಸಲ್ಲಿ ನೇತಾಡಿದ ಮನುಷ್ಯ. ಕಾರು ಬಂದ ಮೇಲೆ ಮೊದಲ ಆರು ತಿಂಗಳು ಅದರೊಳಗೆ ಚಪ್ಪಲಿ ಹಾಕೋ ಹಾಗಿರ್ಲಿಲ್ಲ. ಹೊರಗೆ ಬಿಟ್ಟು ಹತ್ಬೇಕು. ಒಂದ್ಸಲ ಹಾಗೇ ಹೆಬ್ಬಾಳದವರೆಗೂ ಹೋಗಿ ಇಳಿದಾಗ ನೆನಪಾಯ್ತು, ಮೂರೂ ಜನರ ಚಪ್ಪಲಿ ಯಲಹಂಕದಲ್ಲಿ ಮನೆ ಮುಂದೆ ಸಾಲಾಗಿ ಕೂತಿವೆ ಅಂತ.

ಕಾರು ಅಪ್ಪನದು. ಆದ್ರೆ ಓಡಿಸಿದ್ದು ಅಮ್ಮ.

ನನ್ನಮ್ಮ ಹೈಸ್ಕೂಲಲ್ಲಿ ಡ್ರಿಲ್ ಮೇಡಂ. ಹೆಸರು ವಿಶಾಲಾಕ್ಷಿ. ಎತ್ತರ ನಾಲ್ಕಡಿ ಹತ್ತಿಂಚು. ಕೊರಳಲ್ಲಿ ಒಂದು ಸೀಟಿ, ಒಂದು ಸ್ಟಾಪ್‌ವಾಚ್, ಅದರ ಹಿಂದೆ ಎಲ್ಲೋ ತಾಳಿ. ಊರಿನ ಅರ್ಧ ಹೆಣ್ಣುಮಕ್ಕಳಿಗೆ ಖೊ-ಖೊ ಕಲಿಸಿದವಳು. ಮೂವತ್ತೆಂಟನೇ ವಯಸ್ಸಿಗೆ, ಸೀಟಿನ ಮೇಲೆ ಎರಡು ದಿಂಬು ಹಾಕ್ಕೊಂಡು, ದೊಡ್ಡಬಳ್ಳಾಪುರ ರಸ್ತೇಲಿ ಬೆಳಗಿನ ಹೊತ್ತು ಡ್ರೈವಿಂಗ್ ಕಲಿತ್ಲು. ಅಪ್ಪ ಓಡಿಸಿದ್ರೆ ಪಕ್ಕದಲ್ಲಿ ಕೂತವರು ದೇವರ ನಾಮ ಹೇಳ್ಕೋಬೇಕು. ಅಮ್ಮ ಓಡಿಸಿದ್ರೆ ನಿದ್ದೆ ಮಾಡಬಹುದು. ಇದು ಮನೇಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಆದ್ರೆ ಒಪ್ಕೊಳ್ತಿರ್ಲಿಲ್ಲ.

ಅಮ್ಮನಿಗೆ ಕಾರು ಬಂದಿದ್ದೇ ಬಂದಿದ್ದು, ಸ್ಕೂಲಿನ ಖೊ-ಖೊ ಟೀಮು ಪಂದ್ಯಕ್ಕೆ ಬಸ್ ಕಾಯೋದು ನಿಂತಿತು. ಮೊದಲೆಲ್ಲ ಗೊರಗುಂಟೆಪಾಳ್ಯದಾಚೆ ಎಲ್ಲೋ ಪಂದ್ಯ ಅಂದ್ರೆ, ಎರಡು ಬಸ್ಸು ಬದಲಾಯಿಸಿ, ತಲುಪೋ ಹೊತ್ತಿಗೆ ಇವರ ಟೀಮಿನ ಹೆಸರು ಹೊಡೆದುಹಾಕಿರೋರು. ಈಗ ಒಂಬತ್ತು ಹುಡುಗೀರು: ಹಿಂದೆ ಆರು, ಮುಂದಿನ ಸೀಟಲ್ಲಿ ಇಬ್ಬರು, ಡಿಕ್ಕಿಲಿ ಒಬ್ಬಳು. ತಪ್ಪು ಅಂತೀರಾ? ತಪ್ಪೇ. ಆದ್ರೆ ಆ ವರ್ಷ ಅವರು ಒಂದು ಪಂದ್ಯಾನೂ ತಪ್ಪಿಸ್ಲಿಲ್ಲ.

ಈಗ ಬರ್ತಾರೆ ನಮ್ಮ ಶ್ರೀಕಂಠ ಮಾವ. ಅಪ್ಪನ ಅಕ್ಕನ ಗಂಡ. ಆರ್.ಟಿ. ನಗರದಲ್ಲಿ ಸ್ವಂತ ಮನೆ, ಕಂಟ್ರಾಕ್ಟು ಕೆಲಸ, ಬಿಳೀ ಸಫಾರಿ ಸೂಟು. ಅವರು ಒಂದು ದೊಡ್ಡ ಕಾರು ತಗೊಂಡ್ರು. ಉದ್ದಕ್ಕೆ ಹಡಗು. ಸ್ಟೀರಿಂಗ್ ಪಕ್ಕದಲ್ಲಿ ಗೇರು, ಸೋಫಾ ಥರ ಸೀಟು, ಇಂಜಿನ್ನು ನಮ್ಮದರ ಎರಡರಷ್ಟು. ಸೀದಾ ರಸ್ತೇಲಿ ಅದು ಹೋಗ್ತಿದ್ರೆ ನಿಜವಾಗ್ಲೂ ನೋಡೋ ಹಾಗಿರ್ತಿತ್ತು, ಸುಳ್ಳು ಹೇಳಲ್ಲ.

ಭಾನುವಾರ ಒಂದ್ವಾರ ಅವರ ಮನೇಲಿ ಊಟ, ಒಂದ್ವಾರ ನಮ್ಮನೇಲಿ. ನಮ್ಮನೇಲಿ ಊಟ ಇದ್ರೆ ನಾವು ಹೋಗಿ ಅವರನ್ನ ಕರ್ಕೊಂಡು ಬರೋದು, ಅವರ ಮನೇಲಿ ಆದ್ರೆ ಅವರು ನಮ್ಮನ್ನ ಬಿಡೋಕೆ ಬರೋದು, ಹಾಗಾಗಿ ಎರಡು ಕಾರೂ ಒಟ್ಟಿಗೆ ಹೊರಡೋದು. ಹೆಬ್ಬಾಳ ಕೆರೆ ದಾಟಿದ ಮೇಲೆ ರಸ್ತೆ ಖಾಲಿ, ಎರಡೂ ಕಡೆ ಮರ. ಅಲ್ಲಿ ಮಾವ ಹಾರ್ನ್ ಹೊಡೆದು ನಮ್ಮನ್ನ ದಾಟಿ ಹೋಗೋರು. ಹೋಗಿ ಹಾಗೇ ಮನೆ ಸೇರ್ಕೊಂಡ್ರೆ ಪರವಾಗಿರ್ಲಿಲ್ಲ. ಮುಂದೆ ಒಂದು ಹುಣಸೆಮರ ಇತ್ತು, ಅದರ ಕೆಳಗೆ ಕಾರು ನಿಲ್ಲಿಸಿ, ಇಳಿದು, ಬಾನೆಟ್ಟಿಗೆ ಒರಗಿ, ಕೈಕಟ್ಟಿ ನಿಂತಿರೋರು. ನಾವು ತಲುಪಿದ ತಕ್ಷಣ ಪ್ರತೀ ವಾರ ಅದೇ ಮಾತು.

"ಕಾಯ್ತಾ ನಿಂತಿದ್ದೆ ಕಣಯ್ಯಾ. ಇಳಿದು ತಳ್ಕೊಂಡು ಬರ್ತಿದ್ದೀಯೇನೋ ಅಂದ್ಕೊಂಡೆ."

ಅಪ್ಪ ನಗೋರು. ಭಾವ ಅಲ್ವಾ, ಅಕ್ಕನ ಗಂಡ, ತಿರುಗಿ ಒಂದು ಮಾತು ಆಡೋ ಹಾಗಿಲ್ಲ. ಆ ನಗು ಮನೆ ಬರೋವರೆಗೂ ಮುಖದಲ್ಲಿ ಹಾಗೇ ಅಂಟ್ಕೊಂಡಿರೋದು, ಹಳೇ ಸ್ಟಾಂಪಿನ ಹಾಗೆ. ಮನೆಗೆ ಬಂದು ಶರ್ಟು ಬಿಚ್ಚುವಾಗ ಅದೂ ಬಿಚ್ಚೋದು. ಇಂಥ ಇಪ್ಪತ್ತೋ ಮೂವತ್ತೋ ಭಾನುವಾರ ಆದ ಮೇಲೆ ಅಪ್ಪ ಒಂದಿನ ಹೇಳಿಬಿಟ್ರು, ಈ ಸೋಪಿನ ಡಬ್ಬಿ ಮಾರಿ ಭಾವನ ಹಾಗಿರೋ ಕಾರೇ ತಗೋತೀನಿ ಅಂತ. ಮಾವನೇ ಒಂದು ಸೆಕೆಂಡ್‌ಹ್ಯಾಂಡ್ ನೋಡಿಟ್ಟಿದ್ರು. ನಮ್ಮದನ್ನ ಕೊಳ್ಳೋಕೆ ಕೆಂಪಾಪುರದ ಒಬ್ಬರು ತುದಿಗಾಲಲ್ಲಿ ನಿಂತಿದ್ರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಆಗ ನಾನು ಎರಡನೇ ಪಿಯುಸಿ, ಮೀಸೆ ಇನ್ನೂ ಬರೋದೋ ಬೇಡವೋ ಅಂತ ಯೋಚಿಸ್ತಿತ್ತು. ನಾನು ಯಾರ ಕಡೆ ಅಂತೀರಾ? ದೊಡ್ಡ ಕಾರಿನ ಕಡೆ. ಕಾಲೇಜಲ್ಲಿ ಆಗ್ಲೇ ಹೇಳ್ಕೊಂಡು ಬಂದಿದ್ದೆ, ಮುಂದಿನ ತಿಂಗಳು ನಮ್ಮನೆಗೆ ದೊಡ್ಡ ಕಾರು ಬರುತ್ತೆ ಮಗಾ, ಕ್ಯಾಸೆಟ್ ಪ್ಲೇಯರ್ ಸಮೇತ ಅಂತ. ಅಮ್ಮನ ಹುಡುಗೀರು, ಅಮ್ಮನ ಪಂದ್ಯ, ಇದ್ಯಾವುದೂ ತಲೇಲಿ ಸುಳಿದಿರ್ಲಿಲ್ಲ. ಹೆತ್ತ ಮಗ ಅಂದ್ರೆ ಹೀಗಿರ್ಬೇಕು.

ಅಮ್ಮ ಮುಂದಿನ ಭಾನುವಾರ ಮಾವನ ಮನೇಲಿ ಊಟ ಆದ ಮೇಲೆ ಅವರ ಕಾರು ಒಂದ್ಸಲ ಓಡಿಸಿ ನೋಡ್ತೀನಿ ಅಂದ್ಲು. ಕೂತ್ಲು. ಸೀಟು ಪೂರ್ತಿ ಮುಂದೆ ಎಳೆದ್ರೂ ಕಾಲು ಕ್ಲಚ್ಚಿಗೆ ಸಿಗ್ತಿಲ್ಲ. ಬೆನ್ನಿಗೆ ದಿಂಬು ಕೊಟ್ರು, ಕ್ಲಚ್ಚು ಸಿಕ್ತು, ಒತ್ತೋಕೆ ಆಗ್ಲಿಲ್ಲ. ಕೆಳಗೆ ಜಾರಿ ಹೇಗೋ ಒತ್ತಿದಾಗ ಸ್ಟೀರಿಂಗ್ ಮೇಲಿಂದ ರಸ್ತೆ ಕಾಣ್ಲಿಲ್ಲ. ಮಾವ ಹೊಟ್ಟೆ ಹಿಡ್ಕೊಂಡು ನಕ್ಕು, ನಿಂಗ್ಯಾಕಮ್ಮ ಇದು, ನೀನು ಹಿಂದೆ ಕೂತ್ಕೊಂಡು ಮಹಾರಾಣಿ ಹಾಗೆ ಬಾ ಅಂದ್ರು.

ಅಮ್ಮ ಇಳಿದು ಬಂದು ಅಪ್ಪನ ಎದುರು ನಿಂತ್ಲು. "ರೀ, ನಿಮಗೆ ಬೇಕಾಗಿರೋದು ಸ್ಪೀಡು ತಾನೆ? ನಮ್ಮದನ್ನೇ ಸ್ಪೀಡ್ ಮಾಡಿಸೋಣ. ಮಾರ್ಬೇಡಿ."

ಅಪ್ಪ ಉತ್ತರ ಕೊಡೋಕೆ ಮುಂಚೆ ಮಾವ ಜೇಬಿಂದ ಒಂದು ಕಾಗದ ತೆಗೆದ್ರು. ಯಾವುದೋ ಕಾರ್ ಕ್ಲಬ್‌ನವರು ಯಲಹಂಕದಾಚೆ ಬಯಲಲ್ಲಿ ಒಂದು ಸ್ಪರ್ಧೆ ಇಟ್ಟಿದ್ರು. ಡ್ರಮ್ಮುಗಳ ಮಧ್ಯೆ ಕಾರು ಓಡಿಸ್ಕೊಂಡು ಹೋಗಿ ಬರೋದು, ಕಮ್ಮಿ ಸಮಯ ತಗೊಂಡವರು ಗೆದ್ದಂಗೆ. ಒಬ್ಬೊಬ್ಬರಿಗೆ ಎರಡು ಅವಕಾಶ, ಎರಡರಲ್ಲಿ ಒಳ್ಳೇದು ಲೆಕ್ಕಕ್ಕೆ. ಮಾವ ಹೆಸರು ಕೊಟ್ಟಾಗಿತ್ತು. ಸ್ಪೀಡ್ ಮಾಡಿಸಿದ್ರೆ ಸಾಕಾ, ಅಲ್ಲಿಗೆ ತಗೊಂಡು ಬನ್ನಿ ನೋಡೋಣ ಅಂತ ನಕ್ರು. ಅಪ್ಪ ಆ ನಗು ನೋಡಿದ್ರು, ಅಮ್ಮನ ಮುಖ ನೋಡಿದ್ರು.

"ಸರಿ ವಿಶಾಲೂ. ಭಾವನ ಕಾರಿಗಿಂತ ಒಂದೇ ಒಂದು ಸೆಕೆಂಡ್ ಮುಂದೆ ಬಾ. ಮಾರಲ್ಲ. ಬರ್ಲಿಲ್ವಾ, ಸೋಮವಾರ ಕೆಂಪಾಪುರದವರು ಬಂದು ತಗೊಂಡು ಹೋಗ್ತಾರೆ, ಆಗ ಮಾತಾಡಬಾರ್ದು."

ಅಮ್ಮ ಆ ಕಾಗದ ಇಸ್ಕೊಂಡು ಅದರಲ್ಲಿ ಬರೆದಿದ್ದ ಚಿತ್ರ ನೋಡಿದ್ಲು. ಸಾಲಾಗಿ ಎಂಟು ಡ್ರಮ್ಮು. ಒಂದು ಬಿಟ್ಟು ಒಂದರ ಆಚೆ ಈಚೆ ಹಾವಿನ ಹಾಗೆ ಹೋಗಿ, ಕೊನೇದು ಸುತ್ತಿ, ಹಾಗೇ ವಾಪಸ್ಸು. ಆಮೇಲೆ ಒಂದಿಷ್ಟು ಸೀದಾ ಓಡಿ ಸುಣ್ಣದ ಗೆರೆ ಒಳಗೆ ನಿಲ್ಲಿಸಬೇಕು. ಒಂದು ನಿಮಿಷ ನೋಡಿ ಕಾಗದ ಮಡಿಸಿ ರವಿಕೆ ಒಳಗೆ ಇಟ್ಕೊಂಡ್ಲು. ದಾರೀಲಿ ನನಗೆ ಮಾತ್ರ ಹೇಳಿದ್ಲು, "ಎಂಟು ಜನ ಸಾಲಾಗಿ ಕೂತಿದಾರೆ, ಕೊನೇಲೊಂದು ಕಂಬ. ಇದು ಖೊ-ಖೊ ಕಣೋ."

ನಮ್ಮ ಹಿತ್ತಲ ಮನೇಲಿ ಬಾಡಿಗೆಗಿದ್ದವರು ಪಾಟೀಲರು. ಗದಗದ ಕಡೆಯವರು, ಫ್ಯಾಕ್ಟರೀಲಿ ಲೇತ್ ಮೆಷಿನ್ ಮೇಲೆ ಕೆಲಸ. ಹೆಂಡ್ತಿ ಬಾಣಂತನಕ್ಕೆ ಊರಿಗೆ ಹೋಗಿದ್ಲು, ಸಂಜೆ ಹೊತ್ತು ಕಳೆಯೋದೇ ಕಷ್ಟವಾಗಿತ್ತು ಅವರಿಗೆ. ಅಮ್ಮ ಹೋಗಿ ವಿಷಯ ಹೇಳಿದ್ಲು. ಪಾಟೀಲರು ಬಂದು ಬಾನೆಟ್ ಎತ್ತಿ, ಮೂಗು ತೂರಿಸಿ, ಕಿವಿ ಇಟ್ಟು, ಡಾಕ್ಟರ ಹಾಗೆ ಹತ್ತು ನಿಮಿಷ ನೋಡಿದ್ರು.

"ಅಕ್ಕಾರ, ಇಂಜಿನ್ ಅಂದ್ರ ಮನಷ್ಯಾ ಇದ್ದಂಗ ನೋಡ್ರಿ. ಓಡು ಓಡು ಅಂತ ಬಡದ್ರ ಓಡೂದಿಲ್ಲ. ಮೊದಲ ಉಸಿರಾಡ್ಲಿಕ್ಕೆ ಬಿಡ್ಬೇಕ್ರಿ."

ಹಾಗೆ ಶುರುವಾಯ್ತು. ಯಶವಂತಪುರದ ಒಂದು ಗಲ್ಲೀಲಿ ಪಾಟೀಲರ ಸ್ನೇಹಿತರ ವರ್ಕ್‌ಶಾಪಿತ್ತು. ಇಂಜಿನ್ನಿನ ಮೇಲ್ಭಾಗ ಬಿಚ್ಚಿ, ಹಳೇ ಸೀರೇಲಿ ಕೂಸಿನ ಹಾಗೆ ಸುತ್ತಿ, ಅಪ್ಪನ ಆಫೀಸ್ ಬಸ್ಸಲ್ಲೇ ಅಲ್ಲಿಗೆ ತಗೊಂಡು ಹೋದ್ವಿ. ಕಂಡಕ್ಟರು ಮಗೂಗೆ ಏನಾಗಿದೆ ಅಂತ ಕೇಳ್ದ. ವರ್ಕ್‌ಶಾಪಲ್ಲಿ ಆ ಮೇಲ್ಭಾಗದ ತಳಾನ ಕೂದಲೆಳೆಯಷ್ಟು ಸವರಿಸಿದ್ರು. ಹಾಗೆ ಮಾಡಿದ್ರೆ ಒಳಗೆ ಗಾಳೀನೂ ಪೆಟ್ರೋಲೂ ಇನ್ನೂ ಬಿಗಿಯಾಗಿ ಅದುಮುತ್ತೆ, ಒದೆ ಜೋರಾಗುತ್ತೆ ಅಂತ ಪಾಟೀಲರ ವಿವರಣೆ. ಜಾಸ್ತಿ ಸವರಿದ್ರೆ ನಮ್ಮ ಪೆಟ್ರೋಲಿಗೆ ಕಟಕಟ ಅಂತ ಹಲ್ಲು ಕಡಿಯುತ್ತೆ, ಅದಕ್ಕೇ ಕೂದಲೆಳೆ.

ನನ್ನ ಪಾಲಿಗೆ ಬಂದಿದ್ದು ಉಜ್ಜೋ ಕೆಲಸ. ಗಾಳಿ ಒಳಗೆ ಹೋಗೋ ದಾರಿ ಗರಗರ ಅಂತ ಒರಟಾಗಿತ್ತು. ಪೆನ್ಸಿಲ್ಲಿಗೆ ಉಪ್ಪುಕಾಗದ ಸುತ್ಕೊಂಡು ಅದನ್ನ ನುಣ್ಣಗೆ ಮಾಡ್ಬೇಕು. ಮೊದಲ ದಿನ ಮುಖ ಊದಿಸ್ಕೊಂಡು ಉಜ್ಜಿದೆ. ನಾಲ್ಕನೇ ದಿನ ಬೆರಳು ಒಳಗೆ ಹಾಕಿ ನೋಡಿದ್ರೆ, ಒಂದು ಕಡೆ ಮರಳು, ಒಂದು ಕಡೆ ಗಾಜು. ಆ ಗಾಜು ನಾನು ಮಾಡಿದ್ದು. ಅಷ್ಟೇ ನೋಡಿ, ಆವತ್ತಿಂದ ಕಾಲೇಜಲ್ಲಿ ದೊಡ್ಡ ಕಾರಿನ ಸುದ್ದಿ ಎತ್ತಲಿಲ್ಲ. ಹುಡುಗರು ಕೇಳಿದ್ರೆ ಯಾವ ಕಾರು ಅಂತ ಕೇಳ್ತಿದ್ದೆ. ಬರೀ ಹದಿನೇಳು ವರ್ಷಕ್ಕೇ ಪಕ್ಷಾಂತರ ಮಾಡೋದು ಎಷ್ಟು ಸುಲಭ ಅಂತ ಗೊತ್ತಾಗಿತ್ತು.

ಕೊನೇಲಿ ಉಳಿದಿದ್ದು ಕಾರಿನ ಮೂಗು. ಮೊದಲಿಂದ ಇದ್ದ ಗಾಳಿ ಪೆಟ್ಟಿಗೆ ಚಿಕ್ಕದು, ಬಾಯಿ ಸಣ್ಣದು. ದೊಡ್ಡದೊಂದು ಬೇಕು, ತುಕ್ಕು ಹಿಡೀಬಾರ್ದು, ಗುಂಡಗಿರ್ಬೇಕು ಅಂದ್ರು ಪಾಟೀಲರು. ಅಮ್ಮ ಅಡುಗೆಮನೆ ಕಡೆ ನೋಡಿದ್ಲು. ಒಳಗೆ ಹೋಗಿ, ತವರಿಂದ ಕೊಟ್ಟಿದ್ದ ನಾಲ್ಕು ಡಬ್ಬಿ ಕ್ಯಾರಿಯರ್ ಬಿಚ್ಚಿ, ಎಲ್ಲಕ್ಕಿಂತ ಕೆಳಗಿನ ಡಬ್ಬಿ ತಂದಿಟ್ಲು. ಅನ್ನದ ಡಬ್ಬಿ, ಅದೇ ದೊಡ್ಡದು. ಪಾಟೀಲರು ಕೈಗೆ ತಗೊಳ್ಳೋಕೆ ಹಿಂದುಮುಂದು ನೋಡಿದ್ರು. ಅಮ್ಮ ಕೊರೀರಿ ಅಂದ್ಲು. ತಳ ಕೊರೆದು ಇಂಜಿನ್ನಿನ ಬಾಯಿಗೆ ಕೂರಿಸಿದ್ರು. ಮುಂದಕ್ಕೆ ತೆರೆದಿದ್ದ ಕಡೆಗೆ ಧೂಳು ಹೋಗದಿರ್ಲಿ ಅಂತ ರಾಗಿ ಜರಡಿಯ ಬಲೆ ಕತ್ತರಿಸಿ ಬಿಗಿದ್ರು. ಸ್ಟಾರ್ಟ್ ಮಾಡಿದಾಗ ಅದುವರೆಗೂ ಹೊಲಿಗೆ ಮೆಷಿನ್ ಹಾಗೆ ಸದ್ದು ಮಾಡ್ತಿದ್ದ ಕಾರು ಗಂಟಲು ಸರಿಮಾಡ್ಕೊಂಡು ಮಾತಾಡಿತು. ಪಕ್ಕದ ಬೀದಿ ನಾಯಿಗಳೆಲ್ಲ ಎದ್ದವು.

ಭಾನುವಾರ ಬೆಳಿಗ್ಗೆ ಸ್ಕೂಲ್ ಮೈದಾನದಲ್ಲಿ ಅಭ್ಯಾಸ. ಎಂಟು ಡ್ರಮ್ಮು ಎಲ್ಲಿಂದ ತರೋದು? ನಮ್ಮನೆ ಬಕೆಟ್ಟು, ಪಾಟೀಲರ ಕೊಡಪಾನ, ಅಪ್ಪನ ಗುಲಾಬಿ ಕುಂಡ. ಎರಡು ಕುಂಡ ಹೋದವು. ಅಪ್ಪ ಬೇಲಿ ಆಚೆ ನಿಂತು ನೋಡಿ ಹೋಗೋರು. ಅಮ್ಮನ ಹುಡುಗೀರು ಬೇಲಿ ಈಚೆ ಕೂತು ಗುರುಗಳಿಗೇ ಪಾಠ ಹೇಳೋರು, ಮೇಡಂ ಕಂಬದ ಹತ್ರ ಅಗಲ ತಗೋತಾ ಇದ್ದೀರಿ ಅಂತ. ಅಮ್ಮ ತಲೆ ಆಡಿಸಿ ಮತ್ತೆ ತಿರುಗಿಸೋಳು. ಖೊ-ಖೊದಲ್ಲಿ ಓಡೋವಳು ಈಗ ದಾಟ್ತಿರೋ ಹುಡುಗೀನ ನೋಡಲ್ಲ, ಮುಂದೆ ಕೂತಿರೋಳನ್ನ ನೋಡ್ತಾಳೆ. ಅಷ್ಟೇ ಗುಟ್ಟು ಅಂತ ಅಮ್ಮ ಹೇಳೋಳು. ನಾನು ಪಕ್ಕದಲ್ಲಿ ಕೂತು ಸ್ಟಾಪ್‌ವಾಚ್ ಹಿಡಿದು, ಪ್ರತೀ ತಿರುವಿಗೂ ಬಾಗಿಲಿಗೆ ಭುಜ ಹೊಡೆಸ್ಕೊಂಡು, ಸೋಮವಾರ ಕಾಲೇಜಿಗೆ ಒಂದು ಕಡೆ ವಾಲ್ಕೊಂಡು ಹೋಗ್ತಿದ್ದೆ.

ಆ ದಿನ ಬಂತು. ಭಾರ ಕಮ್ಮಿಯಾಗ್ಲಿ ಅಂತ ಹಿಂದಿನ ಸೀಟು ಬಿಚ್ಚಿ ಹಜಾರದಲ್ಲಿಟ್ಟಿದ್ವಿ. ಅಮ್ಮ ಸೀರೆ ಸೆರಗು ಬಿಗಿಯಾಗಿ ಸಿಕ್ಕಿಸಿ, ಕೊರಳಿಗೆ ಸೀಟಿ ಹಾಕ್ಕೊಂಡು ಬಂದ್ಲು. ಸೀಟಿ ಯಾಕೆ ಅಂತ ಕೇಳಿದ್ರೆ, ಇಲ್ದಿದ್ರೆ ಕೈಕಾಲು ಆಡಲ್ಲ ಅಂದ್ಲು. ನಾವು ಒಳಗೆ ತಿಂಡಿ ತಿನ್ನೋ ಹೊತ್ತಿಗೆ ಅಪ್ಪ ಹೊರಗೆ ಕಾರಿಗೆ ಪೂಜೆ ಮುಗಿಸಿದ್ರು. ಅಪ್ಪನಿಗೆ ಇದು ಬಿಡೋಕಾಗದ ಅಭ್ಯಾಸ, ಪೆಟ್ರೋಲ್ ಹಾಕಿಸೋಕೆ ಹೋಗೋದಾದ್ರೂ ಒಂದು ಊದುಬತ್ತಿ ಬೇಕು.

ಬಯಲಲ್ಲಿ ಜನವೋ ಜನ. ಮಾವ ಮೊದಲು ಹೋದ್ರು. ಆ ಹಡಗು ಡ್ರಮ್ಮಿನ ಮಧ್ಯೆ ಅತ್ತಿತ್ತ ಓಲಾಡಿ, ಧೂಳೆಬ್ಬಿಸಿ, ಕೊನೇಲಿ ಸೀದಾ ಜಾಗ ಸಿಕ್ಕಿದ್ದೇ ಗುಡುಗಿ ಬಂತು. ಐವತ್ತೆಂಟು ಸೆಕೆಂಡು. ಇಳಿದು ಸಫಾರಿ ಕೊಡವ್ಕೊಂಡು ಅಪ್ಪನ ಬೆನ್ನು ತಟ್ಟಿದ್ರು.

ಅಮ್ಮನ ಸರದಿ. ನಾನು ಗೆರೆ ಪಕ್ಕ ನಿಂತಿದ್ದೆ. ಮೊದಲ ಮೂರು ಡ್ರಮ್ಮು ಏನು ಚೆಂದ ದಾಟಿದ್ಲು ಅಂತೀರಿ. ನಾಲ್ಕನೇದರ ಹತ್ರ ಕಾರು ಕೆಮ್ಮಿತು. ಐದನೇದಕ್ಕೆ ಉಬ್ಬಸ. ಕೊನೇ ಡ್ರಮ್ ಸುತ್ತೋ ಹೊತ್ತಿಗೆ ಮೆಟ್ಟಿಲು ಹತ್ತಿದ ಮುದುಕರ ಹಾಗೆ ಏದುಸಿರು ಬಿಡ್ತಾ, ತಡವರಿಸ್ತಾ ಹೇಗೋ ಬಂದು ಗೆರೇಲಿ ನಿಂತಿತು. ಎಪ್ಪತ್ತು ದಾಟಿ ಹೋಗಿತ್ತು. ಅಮ್ಮ ಇಳೀಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಕೊಂಡು ಕೂತಿದ್ಲು. ಪಾಟೀಲರ ಮುಖ ಇಳಿದುಹೋಗಿತ್ತು. ಸವರಿದ ಜಾಗ ಸೋರ್ತಾ ಇದೆ, ತಪ್ಪು ತಮ್ಮದೇ, ಇಲ್ಲಿ ನಿಂತು ರಿಪೇರಿ ಮಾಡೋ ಮಾತೇ ಇಲ್ಲ ಅಂದ್ರು.

ನನಗೆ ಸೋಮವಾರ ಕೆಂಪಾಪುರದವರು ಬರೋದು, ಅಮ್ಮ ಒಂಬತ್ತು ಹುಡುಗೀರನ್ನ ಕರ್ಕೊಂಡು ಬಸ್‌ಸ್ಟಾಪಲ್ಲಿ ನಿಂತಿರೋದು, ಎಲ್ಲ ಕಣ್ಣಿಗೆ ಕಂಡ ಹಾಗಾಯ್ತು.

ಆಗ ಅಪ್ಪ ನಡ್ಕೊಂಡು ಬಂದ್ರು. ಯಾರನ್ನೂ ನೋಡದೆ ಸೀದಾ ಬಂದು ಬಾನೆಟ್ ಎತ್ತಿದ್ರು. ನಾವೂ ಬಗ್ಗಿ ನೋಡಿದ್ವಿ. ಡಬ್ಬಿಯ ಬಾಯಿಗೆ ಬಿಗಿದಿದ್ದ ಜರಡಿ ಕಾಣ್ತಾನೇ ಇಲ್ಲ. ಅದರ ಮೇಲೆಲ್ಲ ಹಳದಿ ಸೇವಂತಿಗೆ ಎಸಳು, ಒಂದರ ಮೇಲೊಂದು, ಗೋಡೆಗೆ ಹಚ್ಚಿದ ಹಾಗೆ ಮೆತ್ಕೊಂಡಿವೆ. ಡಬ್ಬಿ ಸುತ್ತ ಬರೀ ದಾರ.

"ವಿಶಾಲೂ, ಹೂ ಹಾಕಿದ್ದು ನಾನು." ಅಪ್ಪನ ದನಿ ಬಹಳ ಮೆತ್ತಗಿತ್ತು. "ಹೊಸದಾಗಿ ಕೂರಿಸಿದ್ದು ಇದೊಂದೇ ಅಲ್ವಾ. ಹೊರಗಡೆ ಹಾರ ಹಾಕಿ ಇದಕ್ಕೆ ಹಾಕದೆ ಇದ್ರೆ ಹೇಗೆ ಅಂತ ಸುತ್ತಿಬಿಟ್ಟೆ."

ಯೋಚ್ನೆ ಮಾಡಿ. ಅವರು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಪಾಟೀಲರು ಆಗ್ಲೇ ತಪ್ಪು ತಮ್ಮ ತಲೆ ಮೇಲೆ ಹಾಕ್ಕೊಂಡಿದ್ರು. ಮಾರನೇ ದಿನ ಅಪ್ಪನಿಗೆ ಬೇಕಾಗಿದ್ದ ದೊಡ್ಡ ಕಾರಿನ ಮಾತು ಪಕ್ಕಾ ಆಗ್ತಿತ್ತು. ಹುಣಸೆಮರದ ಕೆಳಗಿನ ಆ ನಗೂನೂ ಮುಗೀತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಅಪ್ಪ ಬಂದು ಬಾನೆಟ್ ಎತ್ತಿದ್ರು. ನನ್ನಪ್ಪನ ಬಗ್ಗೆ ಯಾರಾದ್ರೂ ಕೇಳಿದ್ರೆ ನಾನು ಇದೊಂದೇ ಹೇಳೋದು.

ಅಮ್ಮ ಇಳಿದು ಬಂದು ನೋಡಿದ್ಲು. "ಪೂಜೆ ಮಾಡಿದ್ರಾ, ಕತ್ತು ಹಿಸುಕಿದ್ರಾ?" ಅಂದು, ತಲೆಯಿಂದ ಒಂದು ಹೇರ್‌ಪಿನ್ ಕಿತ್ತು ಕೊಟ್ಲು. ಅಪ್ಪ ಬಗ್ಗಿ ಅದರಲ್ಲಿ ಒಂದೊಂದೇ ಎಸಳು ಕಿತ್ತು ತಮ್ಮ ಕರ್ಚೀಫಿಗೆ ಹಾಕ್ಕೊಂಡ್ರು. ದೇವರ ಹೂ, ನೆಲಕ್ಕೆ ಹಾಕೋ ಹಾಗಿಲ್ಲ. ಪಾಟೀಲರು ಬಲೆಗೆ ಬಾಯಿಟ್ಟು ಊದಿದ್ರು. ಒಂದು ಎಸಳು ಅವರ ಮೀಸೆಗೆ ಅಂಟ್ಕೊಂಡಿದ್ದು ಸಂಜೆವರೆಗೂ ಹಾಗೇ ಇತ್ತು, ನಾವ್ಯಾರೂ ಹೇಳ್ಲಿಲ್ಲ.

ಅಷ್ಟರಲ್ಲಿ ಮಾವನ ಎರಡನೇ ಸರದಿ. ಈ ಸಲ ಇನ್ನೂ ಜೋರಾಗಿ ಹೋದ್ರು. ಜೋರೇ ಕೈಕೊಟ್ಟಿತು. ಕೊನೇ ಡ್ರಮ್ಮಿನ ಹತ್ರ ಹಡಗು ತಿರುಗದೆ ಅಗಲಕ್ಕೆ ಹೋಗಿ ಅಲ್ಲೇ ಅರ್ಧ ಬಯಲು ಸುತ್ತಿ ಬಂತು. ಮೊದಲಿನ ಐವತ್ತೆಂಟೇ ಉಳೀತು.

ಅಪ್ಪ ಬಾನೆಟ್ ಮುಚ್ಚಿ ಅಮ್ಮನ ಕಡೆ ಬಾಗಿಲು ತೆಗೆದ್ರು. "ದೇವರಿಗೆ ಹೇಳೋದೆಲ್ಲ ಹೇಳಾಯ್ತು. ಇನ್ನು ನೀನು ಓಡ್ಸು."

ಅಮ್ಮ ಸೀಟಿ ಬಾಯಿಗಿಟ್ಕೊಂಡ್ಲು. ಊದ್ಲಿಲ್ಲ, ಹಲ್ಲಲ್ಲಿ ಕಚ್ಚಿ ಹಿಡಿದ್ಲು. ಬಾವುಟ ಇಳೀತು.

ಆಮೇಲೆ ನಾನು ನೋಡಿದ್ದನ್ನ ಎಷ್ಟು ಸಲ ಹೇಳಿದ್ರೂ ನನಗೆ ಸಾಕಾಗಲ್ಲ. ಆ ಪುಟ್ಟ ಕಾರು ಡ್ರಮ್ಮಿಂದ ಡ್ರಮ್ಮಿಗೆ, ಎರಡು ಜಡೆ ಹಾಕ್ಕೊಂಡ ಹುಡುಗಿ ಓಡೋ ಹಾಗೆ ನುಸುಳಿತು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಡಬ್ಬಿ ಉಸಿರೆಳೆಯೋ ಸದ್ದು ಬಯಲಿಗೆಲ್ಲ ಕೇಳ್ತಿತ್ತು. ಕೊನೇ ಡ್ರಮ್ ಹತ್ರ ಅಮ್ಮ ಒಂದು ಗೇಣು ಜಾಗಾನೂ ದಂಡ ಮಾಡ್ಲಿಲ್ಲ. ಕಂಬ ಹಿಡಿದು ತಿರುಗಿದ ಹಾಗೆ ತಿರುಗಿದ್ಲು. ಹುಡುಗೀರು ಒಟ್ಟಿಗೆ ಖೋ ಅಂತ ಕೂಗಿದ್ರು. ವಾಪಸ್ಸು ಎಂಟೂ ದಾಟಿ ಸೀದಾ ಜಾಗಕ್ಕೆ ಬಂದಾಗ ನನಗೆ ಗೊತ್ತಿತ್ತು, ಇಲ್ಲಿ ನಮ್ಮದು ಸೋಲುತ್ತೆ, ಇಲ್ಲಿ ಮಾವನ ಕಾರೇ ಸ್ಪೀಡು. ತಿರುವಲ್ಲಿ ಉಳಿಸಿದ್ದು ಇಲ್ಲಿ ಎಷ್ಟು ಖರ್ಚಾಗುತ್ತೋ ಅಂತ ಉಸಿರು ಬಿಗಿಹಿಡಿದು ನಿಂತೆ. ಗೆರೆ ಒಳಗೆ ಬಂದು ಟಕ್ ಅಂತ ನಿಂತಿತು. ಅಲ್ಲಿ ಸೀಟಿ ಊದಿದ್ಲು.

ಕ್ಲಬ್ಬಿನವರು ಎರಡು ಗಡಿಯಾರ ಹೋಲಿಸಿ ನೋಡಿ ಕೂಗಿದ್ರು, ಐವತ್ತಾರೂವರೆ.

ಆ ದಿನ ಗೆದ್ದವರು ಬೇರೆ ಯಾರೋ, ನಿಜವಾದ ರೇಸಿನವರು. ಅಮ್ಮನಿಗೆ ಕಪ್ಪೂ ಇಲ್ಲ, ಪದಕವೂ ಇಲ್ಲ. ಆದ್ರೆ ಒಂಬತ್ತು ಹುಡುಗೀರು ಕಾರಿನ ಸುತ್ತ ಕುಣಿದಿದ್ದು ನೋಡಿದ್ರೆ ದೇಶಾನೇ ಗೆದ್ದಿದೆ ಅನ್ನಬೇಕು. ಪಾಟೀಲರು ಮೀಸೆ ಮೇಲೆ ಸೇವಂತಿಗೆ ಇಟ್ಕೊಂಡು ಕಣ್ಣೊರೆಸ್ಕೊಳ್ತಿದ್ರು. ಅಪ್ಪ ಬಂದು, ಎಲ್ಲರ ಎದುರಿಗೂ, ಕಾರಿನ ಕೀಲಿ ಗೊಂಚಲಲ್ಲಿದ್ದ ತಮ್ಮ ಅಲ್ಮೇರಾ ಕೀಲಿ ಬಿಚ್ಕೊಂಡು, ಉಳಿದಿದ್ದನ್ನ ಅಮ್ಮನ ಕೈಗಿಟ್ರು. ನಿನ್ನದು, ನೀನೇ ಇಟ್ಕೋ ಅಂತ ಅಷ್ಟೇ.

ಮಾವ ಅಲ್ಲೇ ಉಳಿದು ಗಡಿಯಾರದವರ ಹತ್ರ ವಾದ ಮಾಡ್ತಿದ್ರು. ನಾವು ಆರ್.ಟಿ. ನಗರಕ್ಕೆ ಹೊರಟ್ವಿ, ಆವತ್ತಿನ ಊಟ ಅವರ ಮನೇಲಿ. ಅಮ್ಮ ಓಡಿಸ್ತಿದ್ಲು, ನಾನು ಪಕ್ಕ. ಹಿಂದಿನ ಸೀಟು ಇಲ್ವಲ್ಲ, ಅಪ್ಪ ನೆಲದ ಮೇಲೆ ಜಮಖಾನ ಹಾಸ್ಕೊಂಡು ಚಕ್ಕಳಮಕ್ಕಳ ಕೂತಿದ್ರು. ಯಲಹಂಕ ದಾಟಿ ಸ್ವಲ್ಪ ದೂರ ಬಂದಿದ್ವಿ, ಅಪ್ಪ ಹಿಂದಿನಿಂದ ಅಮ್ಮನ ಭುಜ ತಟ್ಟಿ, ಆ ಹುಣಸೆಮರದ ಹತ್ರ ನಿಲ್ಸು ಅಂದ್ರು.

ನಿಲ್ಲಿಸಿದ್ಲು. ಅಪ್ಪ ಹಿಂದಿನ ಬಾಗಿಲು ಮೇಲಕ್ಕೆ ತೆಗೆಸಿ ಇಳಿದ್ರು. ಪ್ಯಾಂಟಿನ ಧೂಳು ಒದರಿ, ಬಾನೆಟ್ಟಿಗೆ ಒರಗಿ, ಕೈಕಟ್ಟಿ ನಿಂತ್ರು. ಹತ್ತು ನಿಮಿಷ ನಿಂತಿರಬೇಕು. ಎರಡು ಎತ್ತಿನಗಾಡಿ, ಒಂದು ಬಸ್ಸು ಹೋದವು. ಆಮೇಲೆ ದೂರದಲ್ಲಿ ಮಾವನ ಹಡಗು ಕಾಣಿಸ್ತು. ಬಂದು ಪಕ್ಕದಲ್ಲಿ ನಿಂತಿತು. ಮಾವ ಗಾಜು ಇಳಿಸಿದ್ರು.

ಅಪ್ಪ ತಮ್ಮ ಜನ್ಮದಲ್ಲೇ ಮೊದಲ ಸಲ ಭಾವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ರು.

"ಕಾಯ್ತಾ ನಿಂತಿದ್ದೆ ಭಾವ. ಇಳಿದು ತಳ್ಕೊಂಡು ಬರ್ತಿದ್ದೀರೇನೋ ಅಂದ್ಕೊಂಡೆ."

ಒಂದು ಕ್ಷಣ ಏನಾಗುತ್ತೋ ಅಂತ ನನಗೆ ಭಯ. ಮಾವ ಅಪ್ಪನನ್ನೇ ನೋಡಿದ್ರು. ಆಮೇಲೆ ನಗೋಕೆ ಶುರು ಮಾಡಿದ್ರು ನೋಡಿ, ಸಫಾರಿ ಗುಂಡಿ ಕಿತ್ತು ಹೋಗೋ ಹಾಗೆ ನಕ್ರು. ಇಳಿದು ಬಂದು ಅದೇನು ಇಟ್ಟಿದ್ದೀರಿ ಒಳಗೆ, ತೋರ್ಸಿ ಅಂದ್ರು. ಅಪ್ಪ ಬಾನೆಟ್ ಎತ್ತಿದ್ರು. ಮಾವ ತುಂಬಾ ಹೊತ್ತು ಆ ಡಬ್ಬೀನೇ ನೋಡಿದ್ರು.

ಚೇತನ್‌ಗೆ ಈ ಕಥೆ ಎಲ್ಲ ಹೇಳಿ ಡಬ್ಬಿ ಕೈಗೆ ಕೊಟ್ಟೆ. ತೂತಿನಿಂದ ಆಚೆ ನೋಡಿ, ಅಂಕಲ್ ಇದೆಲ್ಲ ಸರಿ, ಕೊನೆಗೆ ಮಾಡಿಫೈ ಮಾಡಿಸ್ಬೇಕೋ, ಸ್ಪೀಡಾಗಿರೋದು ತಗೋಬೇಕೋ ಅಂತ ಮತ್ತೆ ಕೇಳ್ದ. ನಾನು ಹೇಳಿದ್ದು ಇಷ್ಟೇ. ಆಗಿನ ಕಾಲಕ್ಕೆ ನಮ್ಮ ಕಡೆ ಎಲ್ಲರಿಗಿಂತ ಸ್ಪೀಡಾಗಿರೋ ಕಾರು ಇದ್ದಿದ್ದು ನಮ್ಮ ಮಾವನ ಹತ್ರ. ಮುಂದಿನ ಭಾನುವಾರ ಅವರು ನಮ್ಮನೆಗೆ ಊಟಕ್ಕೆ ಬಂದವರು ಕೈ ತೊಳೆದಿದ್ದೇ ಸೀದಾ ಹಿತ್ತಲಿಗೆ ಹೋಗಿ ಪಾಟೀಲರ ಬಾಗಿಲು ತಟ್ಟಿದ್ರು. ಆವತ್ತಿಂದ ಆರ್.ಟಿ. ನಗರದ ನಮ್ಮತ್ತೆ ಮನೆ ಕ್ಯಾರಿಯರೂ ಲೊಡಲೊಡ ಅನ್ನುತ್ತೆ.